ಮಧುಮೇಹ, ಮನಸ್ಸು ಮತ್ತು ನಡಿಗೆ

ದೇಹದ ರೋಗಕ್ಕೆ ಒಂದು ಬಾಗಿಲು, ಮನಸ್ಸಿನ ರೋಗಕ್ಕೆ ಇನ್ನೊಂದು ಬಾಗಿಲು ಎಂದು ಆಸ್ಪತ್ರೆಗಳಲ್ಲಿ ವಿಂಗಡಿಸಿರುವುದು ಆಡಳಿತದ ಅನುಕೂಲಕ್ಕಾಗಿ. ರೋಗಿಯಾದರೋ ಒಬ್ಬನೇ ಮನುಷ್ಯ. ಆತನಿಗೆ ಸಕ್ಕರೆ ಕಾಯಿಲೆಯೂ ಇದ್ದು, ಅದರ ಜೊತೆಗೆ ಮನಸ್ಸೂ ಕುಗ್ಗಿ ಹೋಗಿದ್ದರೆ ಆತ ಯಾವ ಬಾಗಿಲಿನ ಮುಂದೆ ನಿಲ್ಲಬೇಕು? ನಮ್ಮ ಭಾಗದಲ್ಲಿ ಬಹುಮಟ್ಟಿಗೆ ಮೊದಲನೆಯ ಬಾಗಿಲಿನ ಮುಂದೆಯೇ ನಿಲ್ಲುತ್ತಾನೆ. ಎರಡನೆಯದೊಂದು ಇದೆಯೆಂಬುದು ಆತನಿಗೂ ತೋಚುವುದಿಲ್ಲ, ಆತನ ಮನೆಯವರಿಗೂ ತೋಚುವುದಿಲ್ಲ. ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಹಳೆಯ ವಿದ್ಯಾರ್ಥಿಯಾದ ನನ್ನನ್ನು ಕೇಳಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಅನೇಕರಿರುವರೆಂದು ಬಗೆದು, ನನ್ನ ವಯಸ್ಸಿನ ಗುರುಬಂಧುಗಳಿಗೂ ಹಿರಿಯ ಹಳೆಯ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬರಬಹುದಾದ ಈ ವಿಷಯವನ್ನು ಆರಿಸಿಕೊಂಡೆನು.

ನಾನು ವೈದ್ಯನಲ್ಲ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಮತ್ತು ಕೊಪ್ಪಳ ತಾಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನು ಬೋಧಿಸಿ, ೨೦೧೫ರಲ್ಲಿ ನಿವೃತ್ತನಾಗಿ, ಈಗ ಕುಷ್ಟಗಿಯಲ್ಲಿ ನೆಲೆಸಿರುವ ಒಬ್ಬ ಶಿಕ್ಷಕ. ಹದಿನೆಂಟು ವರ್ಷಗಳಿಂದ ಮಧುಮೇಹಿ. ಓದಿ ತಿಳಿದದ್ದನ್ನೂ ಅನುಭವಿಸಿ ತಿಳಿದದ್ದನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ಮಧುಮೇಹವು ಪಟ್ಟಣದ ಶ್ರೀಮಂತರ ರೋಗವೆಂಬ ಭಾವನೆ ನಮ್ಮ ಹಿರಿಯರಲ್ಲಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ ೧೩ ಕೋಟಿ ೬೦ ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ದೊಡ್ಡ ಸಂಖ್ಯೆಯು ಪಟ್ಟಣಗಳಿಂದ ಮಾತ್ರ ಬರಲಾರದು. ನಮ್ಮ ನಾಲ್ಕು ತಾಲೂಕುಗಳನ್ನೇ ನೋಡಿರಿ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜವಾಯಿತು. ಜೋಳದ ರೊಟ್ಟಿಯ ಜಾಗದಲ್ಲಿ ಮೂರು ಹೊತ್ತೂ ಬಿಳಿ ಅನ್ನ ಬಂದಿತು. ಮೊದಲು ಹತ್ತು ಕೈಗಳು ಮಾಡುತ್ತಿದ್ದ ಕೊಯ್ಲನ್ನು ಈಗ ಒಂದು ಯಂತ್ರ ಮಾಡುತ್ತದೆ. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರು ಸೈಕಲ್ಲಿನಲ್ಲಿ ಬದುವಿನವರೆಗೂ ಹೋಗುತ್ತಾರೆ. ಕುಷ್ಟಗಿ, ಯಲಬುರ್ಗಾಗಳ ಕಥೆ ಬೇರೆ. ಅಲ್ಲಿ ಮಳೆಯನ್ನು ನಂಬಿದ ಒಕ್ಕಲುತನ. ಜೋಳ, ಸಜ್ಜೆ, ಕಡಲೆ. ಮಳೆ ಕೈಕೊಟ್ಟ ವರ್ಷ ಮಕ್ಕಳು ಸೊಸೆಯಂದಿರು ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಪುಟ್ಟ ಮೊಮ್ಮಕ್ಕಳು. ಆ ಮುದುಕರಿಗೂ ಈಗ ಸಕ್ಕರೆ ಕಾಯಿಲೆ ಇದೆ. ಜೊತೆಗೆ, ದಿನವಿಡೀ ಮಾತನಾಡಿಸುವವರಿಲ್ಲದ ಒಂಟಿತನವೂ ಇದೆ. ಒಂದು ಕಡೆ ಸಮೃದ್ಧಿಯಿಂದ, ಇನ್ನೊಂದು ಕಡೆ ಬರದಿಂದ, ಎರಡೂ ದಾರಿಗಳು ಒಂದೇ ಔಷಧದ ಅಂಗಡಿಗೆ ಬಂದು ಸೇರಿವೆ.

ಮಧುಮೇಹವಿಲ್ಲದವರಿಗೆ ಹೋಲಿಸಿದರೆ ಮಧುಮೇಹಿಗಳಲ್ಲಿ ಖಿನ್ನತೆಯು ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚಾಗಿ ಕಂಡುಬರುತ್ತದೆಂದು ವೈದ್ಯರು ಹೇಳುತ್ತಾರೆ. ಇದು ಎರಡೂ ಕಡೆಗೆ ಹರಿಯುವ ಸಂಬಂಧ. ಸಕ್ಕರೆ ಕಾಯಿಲೆ ಇದ್ದವರಿಗೆ ಖಿನ್ನತೆ ಬರುವ ಸಂಭವ ಹೆಚ್ಚು. ಖಿನ್ನತೆ ಇದ್ದವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಕಾರಣಗಳು ಹಲವು. ಜೀವನಪರ್ಯಂತ ಮಾತ್ರೆ, ಊಟದಲ್ಲಿ ಕಟ್ಟುಪಾಡು, ಕಣ್ಣು, ಮೂತ್ರಪಿಂಡ ಮತ್ತು ಪಾದಗಳ ಚಿಂತೆ, ಖರ್ಚು, ಇವೆಲ್ಲ ಮನಸ್ಸಿನ ಮೇಲೆ ಹೊರೆಯಾಗುತ್ತವೆ. ಇತ್ತ ಮನಸ್ಸು ಕುಗ್ಗಿದಾಗ ಶರೀರವು ಆತಂಕದ ಸಮಯದಲ್ಲಿ ಸುರಿಸುವ ಕಾರ್ಟಿಸಾಲ್ ಮೊದಲಾದ ರಸಗಳನ್ನು ಹೆಚ್ಚಾಗಿ ಸುರಿಸಬಹುದು. ಇವು ರಕ್ತದಲ್ಲಿ ಸಕ್ಕರೆಯನ್ನು ಏರಿಸುವಂಥವು. ಅದಕ್ಕಿಂತ ಮುಖ್ಯವಾಗಿ, ಮನಸ್ಸು ಕುಗ್ಗಿದವನು ಮಾತ್ರೆಯನ್ನು ಮರೆಯುತ್ತಾನೆ, ಊಟದ ಹೊತ್ತು ತಪ್ಪುತ್ತಾನೆ, ಮಲಗಿದಲ್ಲಿಯೇ ಇರುತ್ತಾನೆ.

ಇಲ್ಲಿಯೇ ಈ ಜೋಡಿ ರೋಗದ ಕ್ರೂರತೆ ಇರುವುದು. ಮಧುಮೇಹದ ಚಿಕಿತ್ಸೆಯಲ್ಲಿ ವೈದ್ಯನ ಪಾಲು ಸ್ವಲ್ಪ, ರೋಗಿಯ ಪಾಲು ಬಹಳ. ದಿನವೂ ತಾನೇ ಏಳಬೇಕು, ತಾನೇ ನಡೆಯಬೇಕು, ತಾನೇ ತಟ್ಟೆಯಿಂದ ಅನ್ನವನ್ನು ತೆಗೆದಿಡಬೇಕು. ಇದಕ್ಕೆಲ್ಲ ಬೇಕಾದದ್ದು ಇಚ್ಛಾಶಕ್ತಿ. ಖಿನ್ನತೆಯು ಮೊಟ್ಟಮೊದಲು ಕಸಿದುಕೊಳ್ಳುವುದೂ ಇಚ್ಛಾಶಕ್ತಿಯನ್ನೇ. ಕಾಲು ಮುರಿದವನಿಗೆ ಓಡೆಂದು ಯಾರೂ ಹೇಳುವುದಿಲ್ಲ. ಆದರೆ ಮನಸ್ಸು ಮುರಿದ ಮಧುಮೇಹಿಗೆ ದಿನಕ್ಕೆ ಅರ್ಧ ಗಂಟೆ ನಡೆಯೆಂದು ಚೀಟಿಯ ಮೇಲೆ ಬರೆದು ಕೊಡುತ್ತೇವೆ. ಆತ ನಡೆಯದಿದ್ದರೆ ಸೋಮಾರಿಯೆಂದು ಕರೆಯುತ್ತೇವೆ.

ಖಿನ್ನತೆ ಎಂಬ ಶಬ್ದ ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿಲ್ಲ. “ಎದಿ ಭಾರ ಆಗೈತಿ,” “ಕೈಕಾಲಾಗ ಶಕ್ತಿನ ಇಲ್ಲ,” “ನಿದ್ದಿ ಹತ್ತವಲ್ದು,” “ಯಾವುದೂ ಬ್ಯಾಡ ಅನಸತೈತಿ” ಎಂಬ ಮಾತುಗಳಲ್ಲಿ ಅದು ಹೊರಬೀಳುತ್ತದೆ. ಇವೇ ಮಾತುಗಳು ಸಕ್ಕರೆ ಏರಿದಾಗಲೂ ಬರುವುದರಿಂದ ಮನೆಯವರು “ಶುಗರ್ ಜಾಸ್ತಿ ಆಗಿರಬೇಕು” ಎಂದು ಸುಮ್ಮನಾಗುತ್ತಾರೆ. ವೈದ್ಯರು ಪ್ರಾಥಮಿಕವಾಗಿ ಕೇಳುವ ಪ್ರಶ್ನೆಗಳು ಎರಡೇ: ಕಳೆದ ಎರಡು ವಾರಗಳಲ್ಲಿ ಮನಸ್ಸು ಬಹುತೇಕ ದಿನಗಳಲ್ಲಿ ಕುಗ್ಗಿತ್ತೇ? ಮೊದಲು ಪ್ರೀತಿಯಿಂದ ಮಾಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಮುಂದೆ ವಿಚಾರಿಸಬೇಕು. ಕಾಯಿಲೆಯ ನಿಭಾವಣೆಯಿಂದಲೇ ಉಂಟಾಗುವ ಬೇಸರವು ಖಿನ್ನತೆಗಿಂತ ಬೇರೆಯಾದದ್ದು. ಮಧುಮೇಹಿಯ ಆ ದಣಿವನ್ನು ಅಳೆಯಲು ಅಮೆರಿಕದ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು ೧೯೯೫ರಲ್ಲಿಯೇ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಬೇಸರಕ್ಕೆ ಆಪ್ತರ ಮಾತು, ತಿಳುವಳಿಕೆ, ಚಿಕಿತ್ಸೆಯ ಸರಳೀಕರಣ ಸಾಕಾಗಬಹುದು. ಖಿನ್ನತೆಗೆ ಚಿಕಿತ್ಸೆಯೇ ಬೇಕು.

ನನ್ನ ವಿಷಯವನ್ನು ಹೇಳುವುದಾದರೆ, ನಿವೃತ್ತಿಯ ಮರುವರ್ಷ, ೨೦೧೬ರ ಮಳೆಗಾಲದಲ್ಲಿ ನನಗೆ ಇದು ಬಂದಿತು. ದುಃಖವೆಂದು ಹೇಳಲು ಬರುವುದಿಲ್ಲ. ದುಃಖಕ್ಕೆ ಒಂದು ಕಾರಣವಿರುತ್ತದೆ. ನನಗೆ ಮಕ್ಕಳು ಚೆನ್ನಾಗಿದ್ದರು, ಪಿಂಚಣಿ ಬರುತ್ತಿತ್ತು, ಮನೆ ಸ್ವಂತದ್ದಿತ್ತು. ಆದರೆ ಬೆಳಗಿನ ಪತ್ರಿಕೆ ಮಡಿಸಿದ ಹಾಗೆಯೇ ಸಂಜೆಯವರೆಗೂ ಬಿದ್ದಿರುತ್ತಿತ್ತು. ಮೂರು ಗಂಟೆ ರಾತ್ರಿಗೇ ಎಚ್ಚರವಾಗುತ್ತಿತ್ತು. ಮನೆಯ ಮುಂದೆ ಶಾಲೆಗೆ ಹೋಗುವ ಮಕ್ಕಳು ನಮಸ್ಕಾರ ಮಾಡಿದರೆ ಕೈಯೆತ್ತುವುದೂ ದೊಡ್ಡ ಕೆಲಸವೆನಿಸುತ್ತಿತ್ತು. ಅದೇ ಮಾತ್ರೆಗಳನ್ನು ನುಂಗುತ್ತಿದ್ದರೂ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ೧ಸಿ ಪರೀಕ್ಷೆಯಲ್ಲಿ ೭.೬ ಇದ್ದದ್ದು ೧೦.೨ಕ್ಕೆ ಏರಿತು. ನಾನು ತೋರಿಸುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಮಾತ್ರೆಯ ಪ್ರಮಾಣವನ್ನು ಎರಡು ಸಲ ಹೆಚ್ಚಿಸಿದರು, “ವಾಕಿಂಗ್ ಮಾಡಬೇಕು” ಎಂದು ಪ್ರತಿ ಸಲವೂ ಬರೆದರು. ಮನಸ್ಸು ಹೇಗಿದೆಯೆಂದು ಯಾರೂ ಕೇಳಲಿಲ್ಲ. ಸರದಿಯಲ್ಲಿ ನನ್ನ ಹಿಂದೆ ನಲವತ್ತು ಜನರಿದ್ದರು.

ಆಗ ನನಗೆ ನೆರವಾದವರು ನನ್ನೊಡನೆ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬ ದೈಹಿಕ ಶಿಕ್ಷಕರು. ಅವರೂ ಮಧುಮೇಹಿಯೇ. ಒಂದು ಬೆಳಿಗ್ಗೆ ಆರು ಗಂಟೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ಉಪದೇಶ ಮಾಡಲಿಲ್ಲ. “ಚಪ್ಲಿ ಹಾಕ್ಕೋರಿ ಮಾಸ್ತರ, ಆ ಬೇವಿನ ಗಿಡದ ತನಕ ಹೋಗಿ ಬರೂಣು” ಎಂದರು. ಬೇವಿನ ಗಿಡ ನಮ್ಮ ಓಣಿಯ ತುದಿಯಲ್ಲಿದೆ, ನೂರೈವತ್ತು ಹೆಜ್ಜೆ. ಹೋಗಿ ಬಂದೆವು, ಅವರು ಚಹಾ ಕುಡಿದು ಹೊರಟು ಹೋದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ನಾನು ಎದ್ದಿರದಿದ್ದರೆ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದರು. ಅರ್ಧ ಗಂಟೆಯ ನಡಿಗೆಯನ್ನು ಅವರು ಮೊದಲ ದಿನವೇ ಕೇಳಿದ್ದರೆ ನಾನು ಬಾಗಿಲು ತೆರೆಯುತ್ತಿರಲಿಲ್ಲ. ನೂರೈವತ್ತು ಹೆಜ್ಜೆಗೆ ಇಲ್ಲವೆನ್ನುವುದು ಕಷ್ಟವಾಗುತ್ತಿತ್ತು. ಮನೆಯ ಮುಂದೆ ಕುಳಿತ ಮನುಷ್ಯನಿಗೆ ಇಲ್ಲವೆನ್ನುವುದು ಇನ್ನೂ ಕಷ್ಟವಾಗುತ್ತಿತ್ತು.

ಮೂರು ವಾರಗಳಲ್ಲಿ ನಡಿಗೆ ಊರ ಹೊರಗಿನ ರಸ್ತೆಯವರೆಗೆ ಬೆಳೆಯಿತು. ನಿದ್ದೆ ಸ್ವಲ್ಪ ಮರಳಿತು. ಆದರೂ ಎದೆಯ ಭಾರ ಪೂರ್ತಿ ಇಳಿಯಲಿಲ್ಲ. ಆಗ ಆ ಮಿತ್ರರೇ ಒಂದು ಮಂಗಳವಾರ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕರ್ನಾಟಕ ಸರಕಾರವು ೨೦೧೪ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿಯಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುತ್ತಿದ್ದರು. ವೈದ್ಯರು ಸಾವಧಾನದಿಂದ ವಿಚಾರಿಸಿ ಖಿನ್ನತೆಯೆಂದು ನಿರ್ಧರಿಸಿದರು. ರಕ್ತದಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್ ಮತ್ತು ಬಿ-೧೨ ಜೀವಸತ್ವದ ಪರೀಕ್ಷೆ ಮಾಡಿಸಿದರು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವವರಲ್ಲಿ ಬಿ-೧೨ ಕಡಿಮೆಯಾಗಿ ಆಯಾಸ, ಮರೆವು, ಮಂಕು ಕಾಣಿಸಬಹುದೆಂಬುದು ನನಗೆ ತಿಳಿದದ್ದು ಆಗಲೇ. ಹತ್ತು ತಿಂಗಳು ಮಾತ್ರೆ ತೆಗೆದುಕೊಂಡೆನು. ಅವರ ಸಲಹೆಯಂತೆ ಮೆಲ್ಲಗೆ ಬಿಟ್ಟೆನು. ನಡಿಗೆಯನ್ನು ಬಿಡಲಿಲ್ಲ. ಮರುವರ್ಷ ಎಚ್‌ಬಿಎ೧ಸಿ ೭.೪ಕ್ಕೆ ಇಳಿದಿತ್ತು. ಇದರಲ್ಲಿ ನಡಿಗೆಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ಮಿತ್ರರ ಪಾಲೆಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗದು.

ನಡಿಗೆಯು ಮಧುಮೇಹಕ್ಕೆ ಏಕೆ ಒಳ್ಳೆಯದೆಂಬುದಕ್ಕೆ ಶರೀರಶಾಸ್ತ್ರದಲ್ಲಿ ಸ್ಪಷ್ಟವಾದ ಉತ್ತರವಿದೆ. ವಿಶ್ರಾಂತಿಯಲ್ಲಿರುವ ಸ್ನಾಯುವಿನ ಜೀವಕೋಶದೊಳಕ್ಕೆ ಸಕ್ಕರೆ ಹೋಗಬೇಕಾದರೆ ಇನ್ಸುಲಿನ್ ಎಂಬ ಬೀಗದ ಕೈ ಬೇಕು. ಮಧುಮೇಹಿಯಲ್ಲಿ ಆ ಬೀಗದ ಕೈ ಸರಿಯಾಗಿ ತಿರುಗುವುದಿಲ್ಲ. ಆದರೆ ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ನಡಿಗೆ ಮುಗಿದ ಮೇಲೂ ಒಂದು ದಿನಕ್ಕಿಂತ ಹೆಚ್ಚು ಕಾಲ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದುದರಿಂದಲೇ ವಾರಕ್ಕೆ ಕನಿಷ್ಠ ೧೫೦ ನಿಮಿಷ ನಡೆಯಬೇಕು, ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು ಎಂದು ವೈದ್ಯರು ಹೇಳುವುದು. ಈ ನಿಮಿಷಗಳನ್ನು ತುಂಡು ತುಂಡಾಗಿಯೂ ಕೂಡಿಸಬಹುದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು ೪೧ ಮಧುಮೇಹಿಗಳ ಮೇಲೆ ಪ್ರಯೋಗ ನಡೆಸಿ ೨೦೧೬ರಲ್ಲಿ ಪ್ರಕಟಿಸಿದರು. ದಿನಕ್ಕೊಮ್ಮೆ ೩೦ ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ ೧೦ ನಿಮಿಷ ನಡೆದಾಗ ಊಟದ ಮೇಲಿನ ಸಕ್ಕರೆ ಹೆಚ್ಚು ಹತೋಟಿಗೆ ಬಂದಿತು. ರಾತ್ರಿಯ ಊಟದ ನಂತರ ಈ ಲಾಭ ಎಲ್ಲಕ್ಕಿಂತ ಹೆಚ್ಚು ಕಂಡಿತು. ಅನ್ನವನ್ನೇ ನಂಬಿದ ಗಂಗಾವತಿಯ ಬಂಧುಗಳು ಇದನ್ನು ಮನಸ್ಸಿನಲ್ಲಿಡಬೇಕು. ಉಂಡು ಹತ್ತು ನಿಮಿಷ ಅಂಗಳದಲ್ಲಿ ಸುತ್ತಲು ಬೂಟೂ ಬೇಕಿಲ್ಲ, ಉದ್ಯಾನವೂ ಬೇಕಿಲ್ಲ.

ವ್ಯಾಯಾಮವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೇಮ್ಸ್ ಬ್ಲೂಮೆಂಥಾಲ್ ಅವರು ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತು ದಾಟಿದ ೧೫೬ ಖಿನ್ನತೆಯ ರೋಗಿಗಳಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಮಾತ್ರೆ, ಕೆಲವರಿಗೆ ಎರಡನ್ನೂ ಕೊಟ್ಟರು. ಮಾತ್ರೆಯವರಿಗೆ ಗುಣ ಬೇಗ ಕಂಡರೂ ೧೬ ವಾರಗಳ ನಂತರ ಮೂರು ಗುಂಪುಗಳೂ ಹೆಚ್ಚುಕಡಿಮೆ ಸಮವಾಗಿದ್ದವು. ಮಧುಮೇಹ ಮತ್ತು ಖಿನ್ನತೆ ಎರಡೂ ಇದ್ದವರ ಮೇಲೆಯೇ ನಡೆದ ಅಧ್ಯಯನವೂ ಇದೆ. ಮೇರಿ ಡಿ ಗ್ರೂಟ್ ಮತ್ತು ಸಂಗಡಿಗರು ಅಮೆರಿಕದ ಒಹಾಯೊ, ವೆಸ್ಟ್ ವರ್ಜೀನಿಯಾ ಮತ್ತು ಇಂಡಿಯಾನಾ ಪ್ರಾಂತಗಳ ೧೪೦ ಜನರನ್ನು ಆಯ್ದು, ಕೆಲವರಿಗೆ ೧೨ ವಾರಗಳ ವ್ಯಾಯಾಮವನ್ನೂ, ಕೆಲವರಿಗೆ ಆಪ್ತಸಮಾಲೋಚನೆಯನ್ನೂ, ಕೆಲವರಿಗೆ ಎರಡನ್ನೂ ಏರ್ಪಡಿಸಿದರು. ೨೦೧೯ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಿಗಿಂತ ಈ ಮೂರು ಗುಂಪಿನವರಲ್ಲಿಯೂ ಖಿನ್ನತೆಯಿಂದ ಹೊರಬಂದವರು ಹೆಚ್ಚಾಗಿದ್ದರು.

ಇವು ಪರದೇಶದ ಮಾತಾಯಿತು, ನಮ್ಮಲ್ಲೇನು ಎಂದು ವಾಚಕರು ಕೇಳಬಹುದು. ನಮ್ಮಲ್ಲಿಯೂ ಒಂದು ಮಹತ್ತ್ವದ ಪ್ರಯೋಗ ನಡೆದಿದೆ. ಬೆಂಗಳೂರಿನ ಡಯಾಕಾನ್ ಆಸ್ಪತ್ರೆ, ಚೆನ್ನೈ, ವಿಶಾಖಪಟ್ಟಣ ಮತ್ತು ದೆಹಲಿಯ ಚಿಕಿತ್ಸಾಲಯಗಳು ಕೂಡಿ, ಮಧುಮೇಹದ ಜೊತೆಗೆ ಖಿನ್ನತೆಯೂ ಇದ್ದ ೪೦೪ ರೋಗಿಗಳನ್ನು ಎರಡು ವರ್ಷಗಳವರೆಗೆ ಗಮನಿಸಿದವು. ಫಲಿತಾಂಶವು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ೨೦೨೦ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಒಬ್ಬ ಸಂಯೋಜಕರ ನೆರವು. ಈ ಸಂಯೋಜಕರು ವೈದ್ಯರಲ್ಲ. ರೋಗಿಯನ್ನು ಆಗಾಗ ಮಾತನಾಡಿಸುವುದು, ಮನಸ್ಸು ಹೇಗಿದೆಯೆಂದು ಕೇಳುವುದು, ಮಾತ್ರೆ, ಊಟ, ವ್ಯಾಯಾಮಗಳನ್ನು ವಿಚಾರಿಸುವುದು, ಸುಧಾರಣೆಯಾಗದಿದ್ದರೆ ತಜ್ಞರ ಗಮನಕ್ಕೆ ತರುವುದು ಇವರ ಕೆಲಸ. ಎರಡು ವರ್ಷಗಳ ಕೊನೆಯಲ್ಲಿ ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಬ್ಬು ಇವುಗಳಲ್ಲಿ ಒಂದಾದರೂ ಗಣನೀಯವಾಗಿ ಸುಧಾರಿಸಿದವರ ಪ್ರಮಾಣ ಈ ಗುಂಪಿನಲ್ಲಿ ಶೇಕಡಾ ೭೧.೬, ಎಂದಿನ ಚಿಕಿತ್ಸೆಯವರಲ್ಲಿ ಶೇಕಡಾ ೫೭.೪. ಈ ವರದಿಯನ್ನು ಓದಿದಾಗ ನನಗೆ ಕಟ್ಟೆಯ ಮೇಲೆ ಕಾಯುತ್ತಿದ್ದ ಮಿತ್ರರ ನೆನಪಾಯಿತು. ಸಂಯೋಜಕರು ಮಾಡಿದ ಕೆಲಸವನ್ನು ಶಿಕ್ಷಕರಾದ ನಾವು ಮೂವತ್ತು ವರ್ಷ ಮಾಡಿದ್ದೇವೆ. ಅದರ ಹೆಸರು ಹಾಜರಿ. ಬಂದವರ ಹೆಸರನ್ನು ಬರೆದುಕೊಳ್ಳುವುದು ಹಾಜರಿಯ ಸಣ್ಣ ಭಾಗ. ಬಾರದವನು ಏಕೆ ಬರಲಿಲ್ಲವೆಂದು ಕೇಳುವುದೇ ಅದರ ತಿರುಳು.

ಇಂಥದೊಂದು ಹಾಜರಿಯ ಪುಸ್ತಕವನ್ನು ನಾವು ನಿಜವಾಗಿಯೂ ಇಟ್ಟೆವು. ೨೦೧೮ರ ಹೊತ್ತಿಗೆ ನಮ್ಮ ಬೆಳಗಿನ ನಡಿಗೆಯಲ್ಲಿ ಒಂಬತ್ತು ಜನರಿದ್ದೆವು. ಏಳು ಜನರಿಗೆ ಸಕ್ಕರೆ ಕಾಯಿಲೆ. ಎರಡು ದಿನ ಬಾರದವರ ಮನೆಗೆ ಮೂರನೆಯ ದಿನ ಇಬ್ಬರು ಹೋಗಬೇಕೆಂಬುದು ಕಟ್ಟಳೆ. ನಮ್ಮಲ್ಲಿ ಕಿರಾಣಿ ವ್ಯಾಪಾರಿಯೊಬ್ಬರಿದ್ದರು, ನಗೆಮಾತಿನ ಮನುಷ್ಯ. ಒಮ್ಮೆ ಎರಡು ದಿನ ಬರಲಿಲ್ಲ. ಮೂರನೆಯ ದಿನ ಹೋದಾಗ ಕತ್ತಲೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಲಿನ ಹುಣ್ಣು ವಾಸಿಯಾಗುತ್ತಿರಲಿಲ್ಲ, ಬೆರಳನ್ನು ತೆಗೆಯಬೇಕಾದೀತೆಂದು ಹೇಳಿದ್ದರಂತೆ. ಬಹಳ ಹೊತ್ತಿನ ಮೇಲೆ, ಬದುಕುವುದೇ ಬೇಡವೆನಿಸಿದೆಯೆಂದು ಬಾಯಿ ಬಿಟ್ಟರು. ಆ ದಿನ ಅವರನ್ನು ಒಂಟಿಯಾಗಿ ಬಿಡಲಿಲ್ಲ. ಮಗನಿಗೆ ತಿಳಿಸಿ, ಕೊಪ್ಪಳಕ್ಕೆ ಕರೆದೊಯ್ದು, ಹುಣ್ಣನ್ನೂ ಮನಸ್ಸನ್ನೂ ಒಂದೇ ದಿನ ತೋರಿಸಿದೆವು. ಒಂದು ಬೆರಳು ಹೋಯಿತು. ಅವರು ಉಳಿದರು. ಕಾಲು ಮಾಯುವವರೆಗೆ ನಡೆಯಬಾರದಾಗಿದ್ದುದರಿಂದ ಕುರ್ಚಿಯಲ್ಲಿ ಕುಳಿತೇ ತೋಳಿನ ವ್ಯಾಯಾಮ ಮಾಡುತ್ತಿದ್ದರು; ನಾವು ನಡಿಗೆ ಮುಗಿಸಿ ಅವರ ಅಂಗಡಿಯ ಮುಂದೆ ಸೇರುತ್ತಿದ್ದೆವು. ಹಾಜರಿಯಲ್ಲಿ ಅವರ ಹೆಸರು ತಪ್ಪಲಿಲ್ಲ.

“ನಾವು ಹೊಲದಾಗ ದಿನಾ ದುಡಿಯೂದ ಸಾಕಲ್ರಿ, ಮತ್ಯಾಕ ವ್ಯಾಯಾಮ?” ಎಂದು ಯಲಬುರ್ಗಾದ ಕಡೆಯ ಒಕ್ಕಲಿಗರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಮೈ ಬಗ್ಗಿಸಿ ಮಾಡುವ ದುಡಿಮೆಯೂ ಸಕ್ಕರೆಯನ್ನು ಕರಗಿಸುತ್ತದೆ, ಅದನ್ನು ಅಲ್ಲಗಳೆಯಬಾರದು. ಆದರೆ ಬಿತ್ತನೆ ಮತ್ತು ಸುಗ್ಗಿಯ ನಡುವಿನ ತಿಂಗಳುಗಳಲ್ಲಿ, ವಿಶೇಷವಾಗಿ ಬರದ ವರ್ಷಗಳಲ್ಲಿ, ದುಡಿಮೆಯೇ ಇರುವುದಿಲ್ಲ. ಸಾಲದ ಚಿಂತೆಯಲ್ಲಿ ಮಾಡುವ ದುಡಿಮೆಗೂ, ಜೊತೆಗಾರರೊಡನೆ ಮಾತನಾಡುತ್ತ ಹೋಗುವ ನಡಿಗೆಗೂ ಮನಸ್ಸಿನ ಮೇಲಾಗುವ ಪರಿಣಾಮದಲ್ಲಿ ಅಂತರವಿದೆ.

ಹೆಣ್ಣುಮಕ್ಕಳ ಕಷ್ಟ ಇನ್ನೂ ಹೆಚ್ಚಿನದು. ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿಯೇ ಹೆಚ್ಚು. ಆದರೆ ನಡಿಗೆಯ ಅವಕಾಶ ಅವರಿಗೇ ಕಡಿಮೆ. ಕೊಡವಿಲ್ಲದೆ, ಬುಟ್ಟಿಯಿಲ್ಲದೆ, ಸುಮ್ಮನೆ ರಸ್ತೆಯಲ್ಲಿ ನಡೆಯುವ ಹೆಂಗಸನ್ನು ಹಳ್ಳಿ ಇನ್ನೂ ವಿಚಿತ್ರವಾಗಿ ನೋಡುತ್ತದೆ. ನಾಲ್ಕು ಜನ ಒಟ್ಟಿಗೆ ಹೊರಟರೆ ಮಾತ್ರ ಆ ನೋಟದ ಬಿರುಸು ಕಡಿಮೆಯಾಗುತ್ತದೆಂದು ನನ್ನ ಶ್ರೀಮತಿಯವರು ಹೇಳುತ್ತಾರೆ; ಅವರೂ ನೆರೆಯವರೂ ಸಂಜೆ ಹಾಗೆಯೇ ಹೊರಡುತ್ತಾರೆ.

ಕೆಲವು ಎಚ್ಚರಿಕೆಗಳನ್ನು ಹೇಳದಿದ್ದರೆ ಈ ಲೇಖನ ಅಪಾಯಕಾರಿಯಾದೀತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ನಡಿಗೆಯಲ್ಲಿ ಸಕ್ಕರೆ ವಿಪರೀತ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರಲೇಬೇಕು. ಮೂರು ಚಮಚೆಯಷ್ಟು ಬಾಯಿಗೆ ಹಾಕಿಕೊಂಡು ಕುಳಿತುಕೊಳ್ಳಬೇಕು. ಪಾದದಲ್ಲಿ ಜೋಮು ಇರುವವರು ಬರಿಗಾಲಿನಲ್ಲಿ ನಡೆಯಕೂಡದು. ಹರಕೆಯ ಪಾದಯಾತ್ರೆಗೂ ಇದು ಅನ್ವಯಿಸುತ್ತದೆ; ಮುಳ್ಳು ಚುಚ್ಚಿದ್ದು ತಿಳಿಯದ ಪಾದ ಹುಣ್ಣಾಗುವುದು ಬಹುಬೇಗ. ಕಣ್ಣಿನ ಪರದೆಯಲ್ಲಿ ರಕ್ತಸ್ರಾವದ ತೊಂದರೆಯಿರುವವರು ಭಾರ ಎತ್ತಬಾರದು. ಎದೆನೋವು, ಏದುಸಿರು ಇರುವವರು ವೈದ್ಯರನ್ನು ಕೇಳದೆ ಆನೆಗೊಂದಿಯ ಅಂಜನಾದ್ರಿಯ ೫೭೫ ಮೆಟ್ಟಿಲುಗಳನ್ನು ಹತ್ತುವ ಸಾಹಸ ಮಾಡಬಾರದು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಸೂರ್ಯೋದಯದ ಹೊತ್ತಿಗೇ ನಡಿಗೆ ಮುಗಿದಿರುವುದು ಲೇಸು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ನಡಿಗೆಯಿಂದ ಎಲ್ಲ ಖಿನ್ನತೆಯೂ ಹೋಗುತ್ತದೆಂದು ಯಾರೂ ತಿಳಿಯಬಾರದು, ಇತರರಿಗೆ ಹೇಳಲೂ ಬಾರದು. ತೀವ್ರವಾದ ಖಿನ್ನತೆಗೆ ಔಷಧ ಮತ್ತು ಆಪ್ತಸಮಾಲೋಚನೆ ಬೇಕೇ ಬೇಕು. ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಸಮೀಪಕ್ಕೆ ತಂದರು. ಆ ಮಾದರಿಯ ಮೇಲೆಯೇ ೧೯೯೬ರಲ್ಲಿ ಭಾರತ ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾದ ನಮ್ಮ ಜಿಲ್ಲೆಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ೨೦೨೨ರ ಅಕ್ಟೋಬರದಿಂದ ಟೆಲಿ ಮಾನಸ್ ಎಂಬ ಸೇವೆಯಲ್ಲಿ ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುತ್ತದೆ. ಸಾಯುವ ಮಾತನಾಡಿದವರನ್ನು ಗದರಿಸದೆ, ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕೂಡಿ ಮಾಡುವ ಶ್ರಮಕ್ಕೆ ಮನಸ್ಸನ್ನು ಎತ್ತಿ ಹಿಡಿಯುವ ಶಕ್ತಿಯಿದೆಯೆಂಬುದು ನಮ್ಮ ನೆಲಕ್ಕೆ ಹೊಸದಲ್ಲ. ನಾವು ಈ ಶಾಲೆಯ ಪ್ರಸಾದ ನಿಲಯದಲ್ಲಿದ್ದಾಗ ಬೆಳಗಿನ ಕವಾಯತಿಗೆ ಯಾರೂ ಇಷ್ಟಪಟ್ಟು ಏಳುತ್ತಿರಲಿಲ್ಲ. ಪಕ್ಕದವನು ಎದ್ದನೆಂದು ಏಳುತ್ತಿದ್ದೆವು. ೨೦೧೯ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ನೇತೃತ್ವದಲ್ಲಿ ಹಿರೇಹಳ್ಳದ ಸ್ವಚ್ಛತೆ ನಡೆದಾಗ ನಾವು ನಾಲ್ಕು ಜನ ಹೋಗಿ ಒಂದು ದಿನ ಕೈಜೋಡಿಸಿದೆವು. ಅಂದು ಮೈ ದಣಿದಿತ್ತು. ಆದರೆ ಬಹು ವರ್ಷಗಳಿಂದ ಬಾರದಂತಹ ಗಾಢ ನಿದ್ದೆ ಅಂದು ಬಂದಿತು. ಅದೇ ಗವಿಮಠದ ಬಂಡೆಯ ಮೇಲೆ ಇಪ್ಪತ್ತೆರಡು ಶತಮಾನಗಳ ಹಿಂದೆ ಅಶೋಕನು ಕೆತ್ತಿಸಿದ ಶಾಸನವಿದೆ. ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯನಿಗೂ ಸತತ ಪ್ರಯತ್ನದಿಂದ ದೊಡ್ಡ ಫಲ ಸಾಧ್ಯವೆಂಬುದು ಅದರ ತಾತ್ಪರ್ಯ. ಅಶೋಕನು ಹೇಳಿದ್ದು ಧರ್ಮದ ಪ್ರಯತ್ನವನ್ನು ಕುರಿತು. ಆದರೂ ನೂರೈವತ್ತು ಹೆಜ್ಜೆಯ ಪ್ರಯತ್ನ ಮಾಡುತ್ತಿದ್ದ ನನಗೆ ಆ ಮಾತು ಧೈರ್ಯ ಕೊಟ್ಟಿತ್ತು.

ಕೊನೆಯಲ್ಲಿ, ಈ ಸಂಚಿಕೆಯನ್ನು ಓದುವ ಮೂವರಲ್ಲಿ ಮೂರು ಅರಿಕೆಗಳಿವೆ. ಶಾಲೆಯ ಆಡಳಿತ ಮಂಡಳಿಯವರು ಬೆಳಿಗ್ಗೆ ಪಾಠಗಳು ಆರಂಭವಾಗುವುದಕ್ಕೆ ಮುಂಚೆ ಮತ್ತು ಸಂಜೆ ಒಂದು ಗಂಟೆಯ ಕಾಲ ಮೈದಾನವನ್ನು ಊರಿನ ಹಿರಿಯರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ತೆರೆದಿಡಬೇಕು. ನಾಯಿಯ, ವಾಹನದ ಭಯವಿಲ್ಲದ ಸಮತಟ್ಟಾದ ನೆಲ ನಮ್ಮ ಊರುಗಳಲ್ಲಿ ಶಾಲೆಗಳಲ್ಲಷ್ಟೇ ಉಳಿದಿದೆ. ದಾನಿಗಳು ಮೈದಾನದ ಸುತ್ತ ನೆರಳಿನ ನಾಲ್ಕು ಮರಗಳನ್ನೂ, ಕುಳಿತು ದಣಿವಾರಿಸಿಕೊಳ್ಳಲು ನಾಲ್ಕು ಕಲ್ಲಿನ ಆಸನಗಳನ್ನೂ, ಕುಡಿಯುವ ನೀರನ್ನೂ ಏರ್ಪಡಿಸಿದರೆ ಅದು ಸಣ್ಣ ದಾನವೆನಿಸಲಾರದು. ನಿವೃತ್ತರಾದ ನನ್ನ ಗುರುಬಂಧುಗಳು ಒಂದು ಇನ್ನೂರು ಪುಟದ ನೋಟು ಪುಸ್ತಕವನ್ನು ಕೊಂಡು, ಅಡ್ಡಗೆರೆ ಉದ್ದಗೆರೆ ಎಳೆದು, ನಡೆಯಲು ಬರುವವರ ಹೆಸರುಗಳನ್ನು ಬರೆದಿಡಬೇಕು. ಎರಡು ದಿನ ಗೈರುಹಾಜರಾದವರ ಮನೆಗೆ ಮೂರನೆಯ ದಿನ ಹೋಗಬೇಕು. ನಮ್ಮ ಕುಷ್ಟಗಿಯ ಪುಸ್ತಕದಲ್ಲಿ ಈಗ ಇಪ್ಪತ್ತಮೂರು ಹೆಸರುಗಳಿವೆ. ನಡಿಗೆಯು ಬೆಳಗಿನ ಐದೂಮುಕ್ಕಾಲಿಗೆ ಹೊರಡುತ್ತದೆ. ಈ ಕಡೆಗೆ ಬಂದವರು ಯಾರಾದರೂ ಸೇರಬಹುದು.